ಆಕ್ಸೆಲ್ ಫಾನ್ ಫೆರ್ಸೆನ್: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಮಹಾಕ್ರಾಂತಿಯ ಮಾತು ಬಂದಲ್ಲೆಲ್ಲ ಕೊನೆಗೊಮ್ಮೆ ಈ ಪ್ರಶ್ನೆ ಬಂದೇ ಬರುತ್ತದೆ: ರಾಣಿ ಮೇರಿ ಆಂಟೊನೆಟ್‌ಳ ಹಿಂದೆ ಬಿದ್ದಿದ್ದ ಆ ಸ್ವೀಡನ್ನಿನ ಕೌಂಟ್ ಯಾರು? ಉತ್ತರ ಹೇಳುವವರೂ ಪ್ರೇಮಪ್ರಸಂಗ ಮುಗಿದೊಡನೆ ಕೈ ತೊಳೆದುಕೊಳ್ಳುತ್ತಾರೆ. ಆ ಮನುಷ್ಯ ರಾಣಿ ಸತ್ತ ಮೇಲೆ ಇನ್ನೂ ಸುಮಾರು ಹದಿನೇಳು ವರ್ಷ ಬದುಕಿದ್ದ. ತನ್ನ ದೇಶದಲ್ಲಿ ಅತ್ಯುನ್ನತ ಪದವಿಗೇರಿದ್ದ. ಹಾಡಹಗಲೇ ರಾಜಧಾನಿಯ ಬೀದಿಯಲ್ಲಿ, ಸೈನಿಕರ ಕಣ್ಣೆದುರೇ ಕೊಲೆಯಾದ. ಆದ್ದರಿಂದ ಇಲ್ಲಿ ಪ್ರೇಮಕ್ಕೂ ಜಾಗವಿದೆ, ಉಳಿದದ್ದಕ್ಕೂ ಇದೆ.

ಒಂದೆರಡು ಮಾತಿನಲ್ಲಿ ಹೇಳುವುದಾದರೆ ಫೆರ್ಸೆನ್ ಯಾರು?

ಸ್ವೀಡನ್ನಿನ ಶ್ರೀಮಂತ ವಂಶದ ಕೌಂಟ್. 1755ರ ಸೆಪ್ಟೆಂಬರ್ 4ರಂದು ಸ್ಟಾಕ್‌ಹೋಮಿನಲ್ಲಿ ಹುಟ್ಟಿದ, 1810ರ ಜೂನ್ 20ರಂದು ಅದೇ ಊರಿನಲ್ಲಿ ಸತ್ತ. ನಡುವಿನ 54 ವರ್ಷಗಳಲ್ಲಿ ಸೇನಾಧಿಕಾರಿ, ಅಮೆರಿಕದ ಸ್ವಾತಂತ್ರ್ಯ ಸಮರದ ಯೋಧ, ಗುಪ್ತ ರಾಯಭಾರಿ, ಉಪ್ಸಾಲಾ ವಿಶ್ವವಿದ್ಯಾಲಯದ ಕುಲಾಧಿಪತಿ, ಕೊನೆಗೆ ರಾಜ್ಯದ ಮಹಾಮಾರ್ಷಲ್. ಮದುವೆಯಾಗಲಿಲ್ಲ.

ಹೆಸರನ್ನು ಹೇಗೆ ಹೇಳಬೇಕು?

ಬರೆಯುವಾಗ ‘ಫೆರ್ಸೆನ್’ ಎಂದೇ ಬರೆಯೋಣ. ಆದರೆ ಸ್ಟಾಕ್‌ಹೋಮ್ ಕಡೆಯ ಮಾತಿನಲ್ಲಿ ‘ರ’ಕಾರ, ‘ಸ’ಕಾರ ಒಟ್ಟಿಗೆ ಬಂದರೆ ಎರಡೂ ಕರಗಿ ನಮ್ಮ ‘ಷ’ದಂಥ ಒಂದೇ ಸದ್ದಾಗುತ್ತದೆ. ಹಾಗಾಗಿ ಅವರ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಫೆಷ್ಷೆನ್’. ಇಂಗ್ಲಿಷಿನವರು ಈ ಸದ್ದಿಗೆ ತಿಣುಕಾಡುತ್ತಾರೆ. ನಮಗೆ ಅಕ್ಷರಮಾಲೆಯಲ್ಲೇ ಸಿದ್ಧವಾಗಿದೆ.

ಇದೇ ಹೆಸರಿನ ಇಬ್ಬರು ಫೆರ್ಸೆನ್‌ಗಳಿದ್ದಾರಲ್ಲ?

ಇದ್ದಾರೆ, ಮತ್ತು ಗೊಂದಲ ಸಹಜ. ತಂದೆಯೂ ಆಕ್ಸೆಲ್, ಮಗನೂ ಆಕ್ಸೆಲ್. ಆ ಕಾಲದ ಸ್ವೀಡನ್ನಿನ ರಾಜಕಾರಣದಲ್ಲಿ ತಂದೆಯ ತೂಕವೇ ಹೆಚ್ಚು. ಫೀಲ್ಡ್ ಮಾರ್ಷಲ್ ಆಗಿದ್ದವನು, ಶ್ರೀಮಂತರ ಸಭೆಯ ಮುಂದಾಳು, ‘ಟೋಪಿ ಪಕ್ಷ’ದ ನಾಯಕ. ಎದುರಾಳಿಗಳದ್ದು ‘ಕುಲಾವಿ ಪಕ್ಷ’. ಯುದ್ಧಕ್ಕೆ ಸಿದ್ಧರಿರುವ ನಾವು ಅಧಿಕಾರಿಗಳ ಹ್ಯಾಟು ತೊಟ್ಟವರು, ನೀವೋ ಮಲಗುವ ಕುಲಾವಿ ಹಾಕಿಕೊಂಡು ತೂಕಡಿಸುವವರು ಎಂಬ ಮೂದಲಿಕೆಯಿಂದ ಬಂದ ಹೆಸರುಗಳಿವು. ‘ಟೋಪಿ ಪಕ್ಷ’ ಎಂದರೆ ಕನ್ನಡದ ಕಿವಿಗೆ ಬೇರೆಯೇ ಅರ್ಥ ಬರುತ್ತದೆ. ಎರಡೂ ಪಕ್ಷದವರು ಪರದೇಶದ ದುಡ್ಡು ತಿನ್ನುತ್ತಿದ್ದುದರಿಂದ ಆ ಅರ್ಥವೂ ತೀರ ತಪ್ಪೇನಲ್ಲ.

ತಾಯಿ ದೆ ಲಾ ಗಾರ್ದಿ ಮನೆತನದವಳು. ಎಂದೋ ಫ್ರಾನ್ಸಿನಿಂದ ಬಂದು ಸ್ವೀಡನ್ನಿನಲ್ಲಿ ಬೇರೂರಿದ ವಂಶ ಅದು. ತಂದೆಯೂ ಯೌವನದಲ್ಲಿ ಫ್ರಾನ್ಸಿನ ಸೇನೆಯಲ್ಲಿ ದುಡಿದವನು. ಮಗನಿಗೆ ಫ್ರೆಂಚ್ ಪರಭಾಷೆಯಾಗಿರಲಿಲ್ಲ; ಡೈರಿ ಬರೆದದ್ದೂ ಅದರಲ್ಲೇ.

ಈ ಪುಟದಲ್ಲಿ ಬರಿದೇ ‘ಫೆರ್ಸೆನ್’ ಎಂದರೆ ಮಗ.

ಸೈನಿಕನಾಗಿ ಅವನು ಮಾಡಿದ್ದೇನು? ಬರೀ ಸಮವಸ್ತ್ರದ ಚೆಲುವನೇ?

ಸಮವಸ್ತ್ರದಲ್ಲಿ ಚೆಲುವನಾಗಿದ್ದುದು ನಿಜ. 1778ರಲ್ಲಿ ಅವನ ಸ್ವೀಡಿಷ್ ಸಮವಸ್ತ್ರವನ್ನು ನೋಡಬೇಕೆಂದು ರಾಣಿಯೇ ಹೇಳಿ ಕಳಿಸಿದ್ದಳು. ಆದರೆ ಅವನು ಓದಿದ್ದು ಸೈನಿಕ ವಿದ್ಯೆ. ಹದಿನೈದನೇ ವಯಸ್ಸಿಗೆ ಗುರುವೊಬ್ಬನ ಜೊತೆ ಯೂರೋಪ್ ಪ್ರವಾಸಕ್ಕೆ ಹೊರಟು ಬ್ರನ್ಸ್‌ವಿಕ್, ಸ್ಟ್ರಾಸ್‌ಬರ್ಗ್, ಟ್ಯೂರಿನ್‌ಗಳಲ್ಲಿ ಕಲಿತ. ದಾರಿಯಲ್ಲಿ ಮುದುಕ ವಾಲ್ಟೇರನನ್ನೂ ನೋಡಿ ಬಂದ.

ನಿಜವಾದ ಯುದ್ಧ ಸಿಕ್ಕಿದ್ದು ಅಮೆರಿಕದಲ್ಲಿ. 1780ರಲ್ಲಿ, ಅಮೆರಿಕದವರ ನೆರವಿಗೆ ಹೊರಟ ಫ್ರೆಂಚ್ ಸೇನಾನಿ ರೋಶಾಂಬೋನ ಆಪ್ತ ಅಧಿಕಾರಿಯಾಗಿ ಬ್ರೆಸ್ಟ್ ಬಂದರಿನಿಂದ ಹೊರಟ. ಇಂಗ್ಲಿಷ್ ಬಲ್ಲವನಾದ್ದರಿಂದ ರೋಶಾಂಬೋ ಮತ್ತು ಜಾರ್ಜ್ ವಾಷಿಂಗ್ಟನ್ ನಡುವೆ ದುಭಾಷಿಯ ಕೆಲಸವೂ ಇವನ ಪಾಲಿಗೆ ಬಂತು. ಮನೆಗೆ ಬರೆದ ಪತ್ರಗಳಲ್ಲಿ ವಾಷಿಂಗ್ಟನ್ನನನ್ನು ಮನಸಾರೆ ಹೊಗಳಿದ. ಅಮೆರಿಕದ ಜನರಿಗೆ ಮಾತ್ರ ದುಡ್ಡೇ ದೇವರು ಎಂದು ಮೂಗು ಮುರಿದ. ಎಸ್ಟೇಟುಗಳ ಬಾಡಿಗೆಯಲ್ಲಿ ಬೆಳೆದವನಿಗೆ ಹೀಗೆ ಹೇಳುವುದು ಸುಲಭ, ಬಿಡಿ.

1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್ ಮುತ್ತಿಗೆ ಮುಗಿದು ಬ್ರಿಟಿಷರು ಶರಣಾದಾಗ ಫೆರ್ಸೆನ್ ಅಲ್ಲಿದ್ದ. ಸೋತ ಸೇನಾಪತಿ ಮಾತ್ರ ಮೈ ಹುಷಾರಿಲ್ಲವೆಂದು ಹೇಳಿ ಶರಣಾಗತಿಯ ಸಮಾರಂಭಕ್ಕೆ ಬರದೆ ತನ್ನ ಕೆಳಗಿನವನನ್ನು ಕಳಿಸಿದ. ಆ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್. ಹೌದು, ನಮ್ಮವನೇ. ಬೆಂಗಳೂರಿನ ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ ಅದೇ ಕಾರ್ನ್‌ವಾಲಿಸ್.

ಸಮರ ಮುಗಿದ ಮೇಲೆ ಅಮೆರಿಕದವರು, ಸಮರದಲ್ಲಿ ಹೋರಾಡಿದ ಅಧಿಕಾರಿಗಳ ಕೂಟವಾದ ಸಿನ್ಸಿನಾಟಿ ಸಂಘದ ಪದಕ ಕೊಟ್ಟರು. ಸ್ವೀಡನ್ನಿನ ದೊರೆ ಮೂರನೇ ಗುಸ್ತಾವ್ ಅದನ್ನು ಧರಿಸಲು ಬಿಡಲಿಲ್ಲ. ರಾಜನ ವಿರುದ್ಧ ಎದ್ದವರು ಕೊಟ್ಟ ಪದಕವನ್ನು ಇನ್ನೊಬ್ಬ ರಾಜನ ಪ್ರಜೆ ಎದೆಗೆ ಸಿಕ್ಕಿಸಿಕೊಳ್ಳುವುದು ಹೇಗೆ? ಗುಸ್ತಾವನ ತರ್ಕ ನೇರವಾಗಿತ್ತು. ಗಣರಾಜ್ಯವೊಂದರ ಹುಟ್ಟಿಗೆ ಹೋರಾಡಿದ ಫೆರ್ಸೆನ್ ತಾನೇನು ಮಾಡಿದೆ ಎಂದು ಆ ದೊರೆಯಷ್ಟು ಕೂಡ ಯೋಚಿಸಿದಂತೆ ಕಾಣುವುದಿಲ್ಲ. ಅವನಿಗೆ ಅದು ಒಂದು ದಂಡಯಾತ್ರೆ, ಅಷ್ಟೆ.

ಮೇರಿ ಆಂಟೊನೆಟ್‌ಳನ್ನು ಮೊದಲು ನೋಡಿದ್ದು ಎಲ್ಲಿ?

1774ರ ಜನವರಿ 30ರ ರಾತ್ರಿ, ಪ್ಯಾರಿಸ್ಸಿನ ಒಪೆರಾದ ಮುಖವಾಡ ನೃತ್ಯದಲ್ಲಿ. ಇಬ್ಬರಿಗೂ ಹದಿನೆಂಟು. ಅವಳಿನ್ನೂ ರಾಣಿಯಾಗಿರಲಿಲ್ಲ, ಯುವರಾಜನ ಹೆಂಡತಿ. ಮುಖವಾಡ ಹಾಕಿಕೊಂಡವಳೊಬ್ಬಳು ತುಂಬ ಹೊತ್ತು ಮಾತಾಡಿಸಿದಳು, ಆಮೇಲೆ ಅವಳ್ಯಾರೆಂದು ಗೊತ್ತಾಗಿ ಸುತ್ತಲೂ ಜನ ನೆರೆಯಿತು.

ನಾಲ್ಕು ವರ್ಷ ಬಿಟ್ಟು 1778ರ ಆಗಸ್ಟಿನಲ್ಲಿ ಮತ್ತೆ ಆಸ್ಥಾನಕ್ಕೆ ಬಂದಾಗ ರಾಣಿ ನೋಡಿದ ಕೂಡಲೇ ‘ಓ, ಇವರು ಹಳೆಯ ಪರಿಚಯ!’ ಎಂದಳು. ರಾಜಮನೆತನದ ಉಳಿದವರು ತನ್ನೊಡನೆ ಒಂದು ಮಾತನ್ನೂ ಆಡಲಿಲ್ಲ ಎಂದು ಫೆರ್ಸೆನ್ ತಂದೆಗೆ ಬರೆದ.

ಹಾಗಾದರೆ ಇಬ್ಬರೂ ಪ್ರೇಮಿಗಳೇ?

ಪ್ರೀತಿಸಿದ್ದರು. ಇದರಲ್ಲಿ ಈಗ ಅನುಮಾನವಿಲ್ಲ. ಅದಕ್ಕಿಂತ ಆಚೆ ಏನು ನಡೆಯಿತು ಎಂಬುದನ್ನು ಆಣೆಯಿಟ್ಟು ಹೇಳುವವರನ್ನು ನಂಬಬೇಡಿ.

1783ರಲ್ಲಿ ಅವನು ತಂಗಿ ಸೋಫಿಗೆ ಬರೆದ ಪತ್ರವೊಂದಿದೆ: ತಾನು ಯಾರಿಗೆ ಸೇರಬೇಕೆಂದು ಬಯಸುತ್ತೇನೋ, ಯಾರು ತನ್ನನ್ನು ನಿಜವಾಗಿ ಪ್ರೀತಿಸುತ್ತಾಳೋ ಅವಳಿಗೆ ಸೇರಲಾರೆ, ಆದ್ದರಿಂದ ಬೇರೆ ಯಾರಿಗೂ ಸೇರುವುದಿಲ್ಲ ಎಂಬ ಅರ್ಥದ್ದು. ಪತ್ರಗಳ ಲೆಕ್ಕ ಬರೆದಿಟ್ಟ ಅವನ ಪುಸ್ತಕದಲ್ಲಿ ರಾಣಿಗೆ ‘ಜೋಸೆಫೀನ್’ ಎಂಬ ಮರೆಹೆಸರು. ಆಮೇಲಾಮೇಲೆ ಇಬ್ಬರೂ ಗುಪ್ತಲಿಪಿಯಲ್ಲಿ ಬರೆಯತೊಡಗಿದರು. ಒಂದೊಂದು ಪತ್ರಕ್ಕೂ ಒಂದು ಕೀಲಿಪದ ಆರಿಸಿಕೊಂಡು, ಅಕ್ಷರಗಳನ್ನು ಅದರ ಪ್ರಕಾರ ಅದಲುಬದಲು ಮಾಡುವ ಪದ್ಧತಿ. ತಲೆ ಉಳಿಸಿಕೊಳ್ಳುವ ಚಿಂತೆಯಲ್ಲಿದ್ದ ರಾಣಿಯೊಬ್ಬಳು ಮೇಣದ ಬತ್ತಿಯ ಬೆಳಕಿನಲ್ಲಿ ಅಕ್ಷರಕ್ಕೆ ಅಕ್ಷರ ಹೊಂದಿಸುತ್ತ ಕೂರಬೇಕಾದ ಕೆಲಸ.

ಅದೇ ಕಾಲದಲ್ಲಿ ಫೆರ್ಸೆನ್‌ಗೆ ಎಲೆನೋರ್ ಸಲಿವನ್ ಎಂಬಾಕೆಯ ಜೊತೆ ಸಂಬಂಧವಿತ್ತು ಎಂಬುದೂ ಅಷ್ಟೇ ನಿಜ. ಏಕಪತ್ನೀವ್ರತಸ್ಥನ ಕಥೆ ಬೇಕಾದವರು ಇದನ್ನು ಹಾರಿಸಿಬಿಡುತ್ತಾರೆ.

ಪತ್ರಗಳಲ್ಲಿ ಮಸಿ ಬಳಿದಿದ್ದ ಸಾಲುಗಳನ್ನು ಯಂತ್ರದಿಂದ ಓದಿದರಂತೆ?

ಓದಿದರು, ಎಲ್ಲವನ್ನೂ ಅಲ್ಲ. 1791ರ ಜೂನ್ ಮತ್ತು 1792ರ ಆಗಸ್ಟ್ ನಡುವಿನ ಈ ಪತ್ರಗಳು ಈಗ ಫ್ರಾನ್ಸಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಕೆಲವು ಸಾಲುಗಳ ಮೇಲೆ ಯಾರೋ ಸುರುಳಿ ಸುರುಳಿಯಾಗಿ ಗೀಚಿ, ಒಂದಕ್ಷರವೂ ಕಾಣದಂತೆ ಮಾಡಿದ್ದರು. ಮೇಲಿನ ಮಸಿಯೂ ಕೆಳಗಿನ ಮಸಿಯೂ ಒಂದೇ ಜಾತಿ, ಕಬ್ಬಿಣ ಬೆರೆತದ್ದು. ಆದರೆ ಅಂದಿನ ಮಸಿಯಲ್ಲಿ ಕಬ್ಬಿಣದ ಜೊತೆಗೆ ತಾಮ್ರ, ಸತುವಿನ ಅಂಶ ದವತಿಯಿಂದ ದವತಿಗೆ ಬದಲಾಗುತ್ತಿತ್ತು. ಎಕ್ಸ್‌ರೇ ಹಾಯಿಸಿ, ಕಬ್ಬಿಣಕ್ಕೆ ತಾಮ್ರದ ಪ್ರಮಾಣ ಎಷ್ಟೆಂದು ಚುಕ್ಕೆ ಚುಕ್ಕೆಯಾಗಿ ಅಳೆದು, ಕೆಳಗಿನ ಅಕ್ಷರಗಳನ್ನು ಬಿಡಿಸಿದರು. 2021ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಪರೀಕ್ಷಿಸಿದ 15 ಪತ್ರಗಳ ಪೈಕಿ ಎಂಟರಲ್ಲಿ ಓದು ಸಾಧ್ಯವಾಯಿತು. ಸಿಕ್ಕಿದ್ದು ‘ಪ್ರಿಯ’, ‘ಕೋಮಲ ಗೆಳೆಯ’, ‘ಹುಚ್ಚಿನಂತೆ’ ಎಂಬಂಥ ಪದಗಳು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಂಗತಿ ಬೇರೆ. ಬಹಳ ಕಾಲ ಎಲ್ಲರೂ ಆ ಗೀಚುವಿಕೆಯನ್ನು ಹತ್ತೊಂಬತ್ತನೇ ಶತಮಾನದಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿದ ವಂಶಜನ ತಲೆಗೆ ಕಟ್ಟಿದ್ದರು. ಮಸಿ ಬೇರೆಯೇ ಸಾಕ್ಷಿ ಹೇಳಿತು: ಮುಚ್ಚಿದ ಕೈ ಫೆರ್ಸೆನ್‌ನದೇ. ಸುಟ್ಟುಬಿಡಬಹುದಿತ್ತು, ಸುಡಲಿಲ್ಲ. ರಾಜಕೀಯದ ಸಾಲುಗಳನ್ನು ಉಳಿಸಿ, ಮನಸ್ಸಿನ ಸಾಲುಗಳನ್ನಷ್ಟೇ ಅಳಿಸಿ ಇಟ್ಟುಕೊಂಡ.

ರಾಣಿಯ ಮಗ ಫೆರ್ಸೆನ್‌ಗೆ ಹುಟ್ಟಿದವನೇ?

ಪುರಾವೆ ಇಲ್ಲ.

1791ರ ಪಲಾಯನದಲ್ಲಿ ಅವನ ಪಾತ್ರವೇನು?

ಪ್ಯಾರಿಸ್ಸಿನಿಂದ ಹೊರಬೀಳುವ ತನಕದ ಏರ್ಪಾಡೆಲ್ಲ ಹೆಚ್ಚುಕಡಿಮೆ ಅವನದೇ. ರಾಜ ಹದಿನಾರನೇ ಲೂಯಿ ಮತ್ತು ಕುಟುಂಬ ತ್ವೀಲರಿ ಅರಮನೆಯಲ್ಲಿ ಕೈದಿಗಳಂತಿದ್ದರು. ಈಶಾನ್ಯದ ಗಡಿಯ ಬಳಿಯಿರುವ ಮೊಂಮೆದಿ ಕೋಟೆಗೆ ಅವರನ್ನು ಸಾಗಿಸಬೇಕು. ಅಲ್ಲಿ ಸೇನಾನಿ ಬುಯೇ ಕಾಯುತ್ತಿರುತ್ತಾನೆ. ಗಾಡಿ ಮಾಡಿಸುವುದು, ಸಾಲ ಎತ್ತುವುದು, ರಷ್ಯದ ಬ್ಯಾರನೆಸ್ ಒಬ್ಬಳ ಹೆಸರಿನ ರಹದಾರಿ, ಕುದುರೆಗಳು ಎಲ್ಲ ಫೆರ್ಸೆನ್ ಹೊಣೆ. ಮಕ್ಕಳ ಪಾಲಕಿಯೇ ಬ್ಯಾರನೆಸ್, ರಾಣಿ ಪಾಠ ಹೇಳುವವಳು, ರಾಜ ಆಳು, ಪುಟ್ಟ ಯುವರಾಜನಿಗೆ ಹೆಣ್ಣುಮಗುವಿನ ಲಂಗ.

ಜೂನ್ 20ರ ರಾತ್ರಿ ಫೆರ್ಸೆನ್ ಬಾಡಿಗೆ ಗಾಡಿಯವನ ವೇಷದಲ್ಲಿ ಅರಮನೆಯ ಹತ್ತಿರದ ಬೀದಿಯಲ್ಲಿ ಕಾಯುತ್ತ ನಿಂತ. ಪಕ್ಕಕ್ಕೆ ಬಂದ ಇನ್ನೊಬ್ಬ ಗಾಡಿಯವನು ಹರಟೆಗಿಳಿದನಂತೆ. ಫೆರ್ಸೆನ್ ಅವರ ಧಾಟಿಯಲ್ಲೇ ಮಾತಾಡಿ, ಅಗ್ಗದ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ಕೊಟ್ಟು ಸಾಗಹಾಕಿದ ಎಂಬ ಕಥೆ ಪ್ರಚಾರದಲ್ಲಿದೆ. ಚಿನ್ನದ ನಶ್ಯದ ಡಬ್ಬಿಯನ್ನು ಮನೆಯಲ್ಲಿ ಬಿಟ್ಟು ಬರುವಷ್ಟು ಜಾಗರೂಕ. ಮಕ್ಕಳು ಮೊದಲು ಬಂದರು, ರಾಜ ಆಮೇಲೆ, ರಾಣಿ ಎಲ್ಲರಿಗಿಂತ ಕೊನೆಗೆ. ನಗರದ ಗಡಿಯಾಚೆ ದೊಡ್ಡ ಗಾಡಿಗೆ ಎಲ್ಲರನ್ನೂ ಹತ್ತಿಸಿ ಬೊಂದಿ ಎಂಬ ಊರಿನವರೆಗೆ ಜೊತೆಗಿದ್ದ. ಅಲ್ಲಿ ರಾಜ, ‘ಇನ್ನು ನೀವು ಬರುವುದು ಬೇಡ’ ಎಂದ. ಫೆರ್ಸೆನ್ ಬೇರೆ ದಾರಿ ಹಿಡಿದು ಗಡಿ ದಾಟಿದ.

ಏಕೆ ಬೇಡ ಎಂದ? ಹೆಂಡತಿಯ ಗೆಳೆಯ ತನ್ನನ್ನು ಕಾಪಾಡುವುದು ರಾಜನಿಗೆ ಇರಿಸುಮುರಿಸಾಗಿತ್ತು ಎನ್ನುವವರಿದ್ದಾರೆ. ಪರದೇಶದ ಅಧಿಕಾರಿಯ ರಕ್ಷಣೆಯಲ್ಲಿ ಸಿಕ್ಕಿಬಿದ್ದರೆ ಮಾನ ಉಳಿಯುವುದಿಲ್ಲ ಎಂಬ ಎಣಿಕೆ ಇದ್ದಿರಬಹುದು ಎನ್ನುವವರೂ ಇದ್ದಾರೆ.

ಯೋಜನೆ ಏಕೆ ಕೆಟ್ಟಿತು? ತಪ್ಪು ಫೆರ್ಸೆನ್‌ನದೇ?

ಒಂದಂಶ ಅವನದು. ಆ ಗಾಡಿಯನ್ನು ನೋಡಿ: ಆರು ಜನ ಕೂರುವ, ಬೆರ್ಲಿನ್ ಎಂಬ ಮಾದರಿಯ ದೈತ್ಯ ಕುದುರೆಗಾಡಿ, ಹಸಿರು ಬಣ್ಣ, ಹಳದಿ ಚಕ್ರ, ಒಳಗೆ ಊಟ-ಉಪಚಾರದ ಸಕಲ ಸಲಕರಣೆ. ರಾಜನ ತಮ್ಮ ಅದೇ ರಾತ್ರಿ ಹಗುರ ಗಾಡಿಯಲ್ಲಿ ಬೇರೆ ದಾರಿಯಿಂದ ಹೊರಟು ಸದ್ದಿಲ್ಲದೆ ಪಾರಾದ. ರಾಜ-ರಾಣಿ ಒಂದೇ ಗಾಡಿಯಲ್ಲಿ ಹೋಗಬೇಕೆಂದು ಹಟ ಹಿಡಿದದ್ದು ಫೆರ್ಸೆನ್‌ನ ತಪ್ಪಲ್ಲ. ಆದರೆ ಅರಸನ ಮನೆಯವರು ಅರಸನ ಮನೆಯವರಂತೆಯೇ ಓಡಿಹೋಗಬೇಕು ಎಂಬ ಕಲ್ಪನೆ ಅವನಿಗೂ ವಿಚಿತ್ರವೆನಿಸಲಿಲ್ಲ. ಆ ಮನೋಧರ್ಮವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಉಳಿದದ್ದು ತಡ. ಗಾಡಿ ತಡವಾಗಿದ್ದರಿಂದ ದಾರಿಯಲ್ಲಿ ಕಾಯುತ್ತಿದ್ದ ಕುದುರೆ ಸವಾರರು ಹೊರಟುಹೋದರು. ಸೇಂತ್ ಮೆನೆಹು ಊರಿನ ಅಂಚೆಕುದುರೆಗಳ ಮೇಲ್ವಿಚಾರಕ ದ್ರುವೇ ರಾಜನ ಗುರುತು ಹಿಡಿದು ಅಡ್ಡದಾರಿಯಲ್ಲಿ ಕುದುರೆ ಓಡಿಸಿದ. ವಾರೆನ್ ಎಂಬ ಪುಟ್ಟ ಊರಿನ ಸೇತುವೆ ಮುಚ್ಚಿತು. ಆರ್ಲೋಂ ಎಂಬಲ್ಲಿ ಸುದ್ದಿ ತಿಳಿದ ಫೆರ್ಸೆನ್ ತಂದೆಗೆ ಬರೆದ ಪತ್ರ ಶುರುವಾಗುವುದೇ ‘ಎಲ್ಲವೂ ಹಾಳಾಯಿತು’ ಎಂದು. ಅಂದಿನಿಂದ ಜೂನ್ 20 ಅವನ ಪಾಲಿಗೆ ಸೂತಕದ ದಿನ. ಅಂದೇ ಅವಳಿಗಾಗಿ ಸಾಯಬಾರದಿತ್ತೇ ಎಂದು ಡೈರಿಯಲ್ಲಿ ಹಲುಬಿದ್ದಾನೆ.

ಮತ್ತೆ ರಾಣಿಯನ್ನು ನೋಡಲಿಲ್ಲವೇ?

ನೋಡಿದ, ಒಮ್ಮೆ. 1792ರ ಫೆಬ್ರವರಿಯಲ್ಲಿ, ಸಿಕ್ಕಿದರೆ ಸಾವು ಖಚಿತ ಎಂದು ಗೊತ್ತಿದ್ದೂ ಸುಳ್ಳು ಕಾಗದಪತ್ರ ಹಿಡಿದು ವೇಷ ಮರೆಸಿ ಪ್ಯಾರಿಸ್ಸಿಗೆ ಬಂದ. 13ನೇ ತಾರೀಕು ಸಂಜೆ ತ್ವೀಲರಿಯೊಳಗೆ ನುಸುಳಿ, ಮರುದಿನ ರಾಜನನ್ನೂ ಕಂಡು, ಮತ್ತೊಂದು ಪಲಾಯನಕ್ಕೆ ಒಪ್ಪಿಸಲು ನೋಡಿದ. ರಾಜ ಒಪ್ಪಲಿಲ್ಲ. ಅದೇ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಕಾವೇರಿಯ ದಡದಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ನಾಲ್ಕು ವರ್ಷದ ಹಿಂದೆ ಟಿಪ್ಪುವಿನ ರಾಯಭಾರಿಗಳು ನೆರವು ಕೇಳಿಕೊಂಡು ವರ್ಸೈಗೆ ಹೋಗಿ ಇದೇ ಲೂಯಿಯ ಮುಂದೆ ನಿಂತಿದ್ದರು. ನೆರವು ಕೊಡಬೇಕಾಗಿದ್ದವನೇ ಈಗ ತನ್ನ ಅರಮನೆಯಲ್ಲಿ ಸೆರೆಯಾಳು.

ಮುಂದಿನ ತಿಂಗಳು ಸ್ಟಾಕ್‌ಹೋಮಿನಲ್ಲಿ ಮೂರನೇ ಗುಸ್ತಾವನಿಗೆ ಗುಂಡು ಬಿತ್ತು, ಅದೂ ಮುಖವಾಡ ನೃತ್ಯದಲ್ಲೇ. 1793ರ ಅಕ್ಟೋಬರ್ 16ರಂದು ರಾಣಿಯ ತಲೆ ಉರುಳಿತು. ಬ್ರಸೆಲ್ಸ್‌ನಲ್ಲಿದ್ದ ಫೆರ್ಸೆನ್‌ಗೆ ತಿಳಿದದ್ದು ನಾಲ್ಕು ದಿನ ಬಿಟ್ಟು.

ರಾಜಕಾರಣಿಯಾಗಿ ಅವನು ಹೇಗೆ?

ನನ್ನ ಲೆಕ್ಕದಲ್ಲಿ, ಸಾಧಾರಣ. ನಿಷ್ಠಾವಂತ, ಶಿಸ್ತಿನವನು, ದುಡ್ಡಿನ ವಿಷಯದಲ್ಲಿ ಶುದ್ಧಹಸ್ತ. ಆದರೆ ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿಯುವ ಮೂಗು ಇರಲಿಲ್ಲ. ತಂದೆಗೆ ಅದಿತ್ತು. 1789ರಲ್ಲಿ ರಾಜನ ಅಧಿಕಾರ ಹೆಚ್ಚಿಸುವುದನ್ನು ವಿರೋಧಿಸಿ ಗುಸ್ತಾವನಿಂದ ಬಂಧನಕ್ಕೂ ಒಳಗಾದವನು ಆ ಮುದುಕ. ಮಗ ಅದೇ ಗುಸ್ತಾವನ ನಂಬಿಕೆಯ ದೂತ. ಊಟದ ಮೇಜಿನಲ್ಲಿ ಅಪ್ಪ-ಮಗ ಏನು ಮಾತಾಡುತ್ತಿದ್ದರೋ!

1797ರಲ್ಲಿ ಫ್ರಾನ್ಸಿನೊಡನೆ ಶಾಂತಿ ಮಾತುಕತೆಗೆ ಸೇರಿದ್ದ ಜರ್ಮನಿಯ ರಾಸ್ಟಾಟ್ ಸಮ್ಮೇಳನಕ್ಕೆ ಸ್ವೀಡನ್ ಇವನನ್ನೇ ರಾಯಭಾರಿಯಾಗಿ ಕಳಿಸಿತು. ಇಪ್ಪತ್ತೆಂಟರ ಹರೆಯದ ಸೇನಾಪತಿ ನೆಪೋಲಿಯನ್ ಬೋನಪಾರ್ಟ್, ಹಳೆಯ ಆಸ್ಥಾನದ ನಂಟಿನಿಂದ ಕುಖ್ಯಾತರಾದವರನ್ನು ಗಣರಾಜ್ಯ ಸಹಿಸುವುದಿಲ್ಲ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದ. 1801ರಲ್ಲಿ ಸ್ವದೇಶದಲ್ಲಿ ಮಹಾಮಾರ್ಷಲ್ ಪದವಿ ಸಿಕ್ಕಿತು: ಆಸ್ಥಾನದ ಎಲ್ಲ ವಿಧಿವಿಧಾನಗಳ ಯಜಮಾನಿಕೆ. ನಾಲ್ಕನೇ ಗುಸ್ತಾವ್ ಅಡಾಲ್ಫ್ ಪರದೇಶದಲ್ಲಿದ್ದಾಗ ಆಡಳಿತ ನೋಡಿಕೊಂಡ ಮಂಡಳಿಯಲ್ಲೂ ಇದ್ದ.

ಜನ ಅವನನ್ನು ಕೊಂದದ್ದೇಕೆ?

ಸ್ವಲ್ಪ ಹಿಂದಿನಿಂದ ಹೇಳಬೇಕು. 1808ರಲ್ಲಿ ರಷ್ಯ ಫಿನ್ಲೆಂಡಿಗೆ ನುಗ್ಗಿತು. ಸ್ವೀಡನ್ ಶತಮಾನಗಳಿಂದ ತನ್ನದಾಗಿದ್ದ ಆ ನಾಡನ್ನು ಕಳೆದುಕೊಂಡಿತು. 1809ರ ಮಾರ್ಚ್ 13ರಂದು ಸೇನಾಧಿಕಾರಿಗಳು ಗುಸ್ತಾವ್ ಅಡಾಲ್ಫನನ್ನು ಹಿಡಿದು ಸಿಂಹಾಸನದಿಂದ ಇಳಿಸಿದರು. ಅವನ ಚಿಕ್ಕಪ್ಪ ಹದಿಮೂರನೇ ಕಾರ್ಲ್ ದೊರೆಯಾದ, ಮುದುಕ, ಮಕ್ಕಳಿಲ್ಲದವನು. ಡೆನ್ಮಾರ್ಕ್ ಕಡೆಯ ರಾಜಕುಮಾರನೊಬ್ಬನನ್ನು ಕಾರ್ಲ್ ಆಗಸ್ಟ್ ಎಂಬ ಹೆಸರಿನಲ್ಲಿ ಯುವರಾಜನನ್ನಾಗಿ ತಂದರು. ಸರಳ ಮನುಷ್ಯ, ಜನಕ್ಕೆ ಅಚ್ಚುಮೆಚ್ಚು. ಫೆರ್ಸೆನ್ ಮನೆಯವರಿಗೆ ಮಾತ್ರ ಪದಚ್ಯುತ ರಾಜನ ಮಗನೇ ನ್ಯಾಯವಾದ ಉತ್ತರಾಧಿಕಾರಿ ಎಂಬ ಭಾವನೆ. ಅದನ್ನವರು ಮುಚ್ಚಿಡಲೂ ಇಲ್ಲ.

1810ರ ಮೇ 28ರಂದು ಸ್ಕೋನೆ ಪ್ರಾಂತದ ಕ್ವಿಡಿಂಗೆ ಬಯಲಿನಲ್ಲಿ ಸೇನೆಯ ತಾಲೀಮು ನೋಡುತ್ತಿದ್ದ ಯುವರಾಜ ಕುದುರೆಯಿಂದ ಉರುಳಿ ಸತ್ತ. ಪಾರ್ಶ್ವವಾಯು ಎಂದು ವೈದ್ಯರು ಹೇಳಿದರು. ವಿಷ ಎಂದು ಊರು ಹೇಳಿತು. ಹಾಕಿಸಿದವರು ಯಾರು? ಫೆರ್ಸೆನ್ ಮತ್ತು ತಂಗಿ ಸೋಫಿ. ಪತ್ರಿಕೆಯಲ್ಲಿ ನರಿಗಳ ಕಥೆಯ ಸೋಗಿನಲ್ಲಿ ಯಾರು ಯಾರೆಂದು ಮಕ್ಕಳಿಗೂ ಗೊತ್ತಾಗುವ ವಿಡಂಬನೆ ಅಚ್ಚಾಯಿತು. ಎಚ್ಚರಿಕೆಗಳು ಬಂದವು. ಆದರೂ ಶವಯಾತ್ರೆಯ ಮುಂದೆ ಹೋಗುವುದು ಮಹಾಮಾರ್ಷಲ್‌ನ ಕರ್ತವ್ಯ. ಫೆರ್ಸೆನ್ ಪೂರ್ಣ ವೈಭವದಲ್ಲಿ, ಎದೆಯ ಮೇಲೆ ಸ್ವೀಡನ್ನಿನ ಅತ್ಯುನ್ನತ ಗೌರವವಾದ ಸೆರಾಫಿಮ್ ಪಟ್ಟಿ ಧರಿಸಿ, ಗಾಜಿನ ಕಿಟಕಿಗಳ ಆಸ್ಥಾನದ ಗಾಡಿಯಲ್ಲಿ ಕುಳಿತು ಹೊರಟ. ತಾರೀಕು ಜೂನ್ 20.

ಅಂದು ನಡೆದದ್ದೇನು?

ಹಳೆಯ ನಗರದ ಸ್ತೋರಾ ನ್ಯೂಗಾತನ್ ಬೀದಿಗೆ ಬರುವಷ್ಟರಲ್ಲಿ ಬೈಗುಳ ಕಲ್ಲುಗಳಾದವು. ಕಿಟಕಿಗಳು ಒಡೆದವು, ಮುಖದಿಂದ ರಕ್ತ ಇಳಿಯಿತು. ಗಾಡಿ ಮುಂದೆ ಹೋಗಲಾರದೆ ನಿಂತಾಗ ಇಳಿದು ಪಕ್ಕದ ಮನೆಯೊಂದರ ಮಹಡಿಗೆ ಓಡಿದ. ಜನ ಹಿಂದೆಯೇ ನುಗ್ಗಿ ಪಟ್ಟಿ, ಮೇಲಂಗಿ ಕಿತ್ತು ಕಿಟಕಿಯಿಂದ ಬೀದಿಗೆ ಎಸೆದರು. ಸಿಲ್ವರ್‌ಸ್ಪಾರೆ ಎಂಬ ಸೇನಾನಿ ಬಂದು, ಇವನನ್ನು ಬಂಧಿಸಿ ಒಯ್ಯುತ್ತೇನೆ, ವಿಚಾರಣೆಯಾಗಲಿ ಎಂದು ಗುಂಪನ್ನು ಸಮಾಧಾನಪಡಿಸಲು ನೋಡಿದ. ಪುರಭವನದವರೆಗಿನ ಆ ಸ್ವಲ್ಪ ದಾರಿಯುದ್ದಕ್ಕೂ ಏಟುಗಳು. ಅಲ್ಲಿಂದಲೂ ಹೊರಗೆಳೆದು ತುಳಿದು ಕೊಂದರು. ಟಾಂಡೆಫೆಲ್ಟ್ ಎಂಬವನು ಎದೆಯ ಮೇಲೆ ಹಾರಿ ಪಕ್ಕೆಲುಬು ಮುರಿದ.

ಇದೆಲ್ಲ ನಡೆದದ್ದು ಶ್ರೀಮಂತರ ಸಭಾಭವನದ ಮುಂದಿನ ಚೌಕದ ಆಸುಪಾಸಿನಲ್ಲಿ. ಅವನ ತಂದೆ ದಶಕಗಳ ಕಾಲ ಮೆರೆದ ಭವನ ಅದು. ಚೌಕದಲ್ಲಿ ಸೈನಿಕರು ಸಾಲಾಗಿ ನಿಂತಿದ್ದರು. ಕದಲಲಿಲ್ಲ.

ಸೈನಿಕರು ಸುಮ್ಮನಿದ್ದುದು ಪಿತೂರಿಯೇ?

ಆದೇಶ ಬರಲಿಲ್ಲ ಎಂಬುದು ಖಚಿತ. ಏಕೆ ಬರಲಿಲ್ಲ ಎಂಬಲ್ಲಿ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ಹಿಂದಿನ ವರ್ಷದ ಕ್ರಾಂತಿ ಮಾಡಿದವರಿಗೆ ಹಳೆಯ ಪಕ್ಷದವರಿಗೆ ಒಂದು ಪೆಟ್ಟು ಬೀಳುವುದು ಬೇಕಾಗಿಯೇ ಇತ್ತು, ಪೆಟ್ಟು ಕೈ ಮೀರಿ ಕೊಲೆಯಾಯಿತು ಎಂಬ ವಾದ ನನಗೆ ಹೆಚ್ಚು ನಂಬಲರ್ಹವಾಗಿ ಕಾಣುತ್ತದೆ. ಬೀದಿಯವರಿಗೆ ಕೆಲವರಿಗೆ ಶಿಕ್ಷೆಯಾಯಿತು. ಸಮವಸ್ತ್ರ ತೊಟ್ಟು ನೋಡುತ್ತ ನಿಂತ ದೊಡ್ಡವರಿಗೆ ಏನೂ ಆಗಲಿಲ್ಲ.

ತಂಗಿ ಸೋಫಿ ಏನಾದಳು?

ಸೇವಕಿಯ ವೇಷ ತೊಟ್ಟು ದೋಣಿಯಲ್ಲಿ ನಗರದಿಂದ ತಪ್ಪಿಸಿಕೊಂಡಳು. ಆಮೇಲೆ ವಾಕ್ಸ್‌ಹೋಮ್ ಕೋಟೆಯಲ್ಲಿದ್ದು ವಿಚಾರಣೆ ಎದುರಿಸಿ ನಿರ್ದೋಷಿ ಎಂದು ತೀರ್ಪು ಪಡೆದಳು. ಅಣ್ಣನ ಹೆಸರಿನ ಕಳಂಕವೂ ಆ ವರ್ಷವೇ ತೊಳೆಯಿತು. ಡಿಸೆಂಬರಿನಲ್ಲಿ ರಿಡ್ಡಾರ್‌ಹೋಮ್ ಚರ್ಚಿನಲ್ಲಿ ಸಕಲ ರಾಜಮರ್ಯಾದೆಯೊಂದಿಗೆ ಅಂತ್ಯಕ್ರಿಯೆ ನಡೆಯಿತು. ಆರು ತಿಂಗಳ ಹಿಂದೆ ಕಲ್ಲೆಸೆದ ಊರಿನಲ್ಲೇ.

ಅಷ್ಟರೊಳಗೆ ಆಗಸ್ಟಿನಲ್ಲಿ ಹೊಸ ಯುವರಾಜನ ಆಯ್ಕೆಯೂ ಮುಗಿದಿತ್ತು: ನೆಪೋಲಿಯನ್ನನ ಮಾರ್ಷಲ್ ಬೆರ್ನಾಡೋಟ್. ಕ್ರಾಂತಿಯ ಸೇನೆಯಲ್ಲಿ ಮೇಲೆ ಬಂದ ಸಾಮಾನ್ಯ ವಕೀಲನ ಮಗ. ಇಂದಿಗೂ ಸ್ವೀಡನ್ನನ್ನು ಆಳುತ್ತಿರುವುದು ಅವನ ವಂಶವೇ.

ಇಂದು ಹೋದರೆ ನೋಡಲು ಏನಿದೆ?

ಹಳೆಯ ನಗರದ ಆ ಬೀದಿ, ಚೌಕ, ಸಭಾಭವನ ಎಲ್ಲ ಇವೆ. ನಡೆದರೆ ಕೆಲವೇ ನಿಮಿಷ. ಸ್ಟಾಕ್‌ಹೋಮಿನ ಉತ್ತರಕ್ಕೆ ಅವನ ಸ್ಟೆನಿಂಗೆ ಅರಮನೆಯಿದೆ. ಸಮಾಧಿ ಇರುವುದು ಲಿಂಶೋಪಿಂಗ್ ಸಮೀಪದ ಯುಂಗ್ ಚರ್ಚಿನಲ್ಲಿ. ಒಂದೇ ಕಡೆ ಹೋಗಲು ಸಮಯವಿದ್ದರೆ ನೊರ್‌ಶೋಪಿಂಗ್ ಬಳಿಯ ಲೋಫ್‌ಸ್ಟಾಡ್‌ಗೆ ಹೋಗಿ. ಸೋಫಿಯ ಮನೆ ಅದು, ಈಗ ವಸ್ತುಸಂಗ್ರಹಾಲಯ. ಅದರ ಉದ್ಯಾನದಲ್ಲಿ ಅಣ್ಣನ ನೆನಪಿಗೆ ಅವಳು ನಿಲ್ಲಿಸಿದ ಕಲ್ಲು ಇನ್ನೂ ಇದೆ.